ಮಂಗಳವಾರ ಸಂಜೆ ಐದಕ್ಕೆ

ಜನವರಿ 10

ಅಕ್ಕಾ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ಹದಿನೈದು ದಿನಕ್ಕೊಂದು ದೋಣಿ, ಫೋನಿಲ್ಲ, ಅಂಗಡಿಯಿಲ್ಲ, ಜತೆಗೆ ಒಬ್ಬ ಅಡುಗೆಯವರು, ಒಬ್ಬ ವೈರ್‌ಲೆಸ್ಸಿನವರು, ಒಂದು ಮಳೆಮಾಪಕ. ಇಂಥ ದ್ವೀಪದಲ್ಲಿ ಕೂತು ‘ಹವಾಮಾನ ನೋಡುವ ಕೆಲಸ ಬಲು ಸೊಗಸು’ ಎಂದು ಬರೆಯುತ್ತೀಯಲ್ಲ, ನಿನ್ನ ಎದೆಗಾರಿಕೆಗೆ ಶರಣು. ನಾನಾಗಿದ್ದರೆ ಮೂರನೇ ದಿನಕ್ಕೇ ಈಜಿಕೊಂಡು ವಾಪಸು ಬಂದುಬಿಡುತ್ತಿದ್ದೆ. ಈಜು ಬರುವುದಿಲ್ಲ ಎಂಬುದು ಬೇರೆ ಮಾತು.

ಇಲ್ಲಿ ಎಲ್ಲ ಕ್ಷೇಮ. ಊರಿನ ಲಿಫ್ಟುಗಳು ತಪ್ಪದೆ ಕೆಡುತ್ತಿವೆ, ನಾನು ತಪ್ಪದೆ ರಿಪೇರಿ ಮಾಡುತ್ತಿದ್ದೇನೆ. ವರ್ಕ್‌ಶಾಪಿನ ಯಜಮಾನರು ಎಂದಿನಂತೆ ಬೆಳಿಗ್ಗೆ ಬೈದು ಮಧ್ಯಾಹ್ನ ಟೀ ಕೊಡಿಸುತ್ತಾರೆ.

ಒಂದು ಹೊಸ ವಿಷಯವಿದೆ. ಪ್ರತಿ ಮಂಗಳವಾರ ಸಂಜೆ ಐದಕ್ಕೆ ಫೋನಿನ ವಿಡಿಯೋದಲ್ಲಿ ಒಬ್ಬರ ಜತೆ ಮಾತಾಡುತ್ತೇನೆ. ಯಾರು, ಏನು ಎಂದು ಈಗಲೇ ಕೇಳಬೇಡ. ಒಗೆದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ನಾಲ್ಕೂವರೆಗೇ ಕೂತುಬಿಡುತ್ತೇನೆ. ಎದೆ ಡವಡವ ಅನ್ನುತ್ತದೆ. ಮೊದಲ ದಿನ ಹೆಸರು ಹೇಳಲೂ ನಾಲಿಗೆ ಹೊರಳಲಿಲ್ಲ. ಊಟ ಅಷ್ಟಾಗಿ ಸೇರುತ್ತಿಲ್ಲ, ನಿದ್ದೆಯೂ ಅಷ್ಟಕ್ಕಷ್ಟೇ. ಆದರೂ ಅವರ ಜತೆ ಮಾತಾಡಿದ ಮೇಲೆ ಒಂದು ದಿನವಾದರೂ ಹಗುರವಾಗಿರುತ್ತೇನೆ.

ನೀನು ಎರಡು ವರ್ಷದಿಂದ ಈ ಕಡೆ ಬಂದಿಲ್ಲ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ನನ್ನ ಮೇಲೆ ರೇಗಲು ಇರುವವಳು ನೀನೊಬ್ಬಳೇ. ಬಂದು ರೇಗು.

ನಿನ್ನ
ಬುಗುರಿ


ಜನವರಿ 14

ಪ್ರೀತಿಯ ಬುಗುರಿ,

ಅಯ್ಯೋ ಕಳ್ಳಾ! ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಎದೆ ಡವಡವ, ನಾಲಿಗೆ ಹೊರಳುವುದಿಲ್ಲ, ಒಗೆದ ಅಂಗಿ ಬೇರೆ! ಇಷ್ಟೆಲ್ಲ ಬರೆದು ‘ಯಾರು ಎಂದು ಕೇಳಬೇಡ’ ಎಂದರೆ ಕೇಳದೆ ಬಿಡುವ ಅಕ್ಕ ನಿನಗೆ ಸಿಕ್ಕಿಲ್ಲ, ಬೇರೆ ಮನೆಯಲ್ಲಿ ಹುಟ್ಟಬೇಕಿತ್ತು.

ಅವಳು ಏನು ಕೆಲಸ ಮಾಡುತ್ತಾಳೆ? ನಗುತ್ತಾಳೆಯೇ? ಜೋರಾಗಿ ನಗುತ್ತಾಳೆಯೋ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡೋ? ನಿನಗಿಂತ ಎತ್ತರವಾಗಿದ್ದರೆ ನನ್ನ ಪೂರ್ತಿ ಒಪ್ಪಿಗೆ ಇದೆ, ಅಟ್ಟದ ಮೇಲಿನ ಡಬ್ಬಿ ಇಳಿಸಲು ಮನೆಯಲ್ಲಿ ಒಬ್ಬರಾದರೂ ಬೇಕು. ನಿನ್ನ ಕಾಗದವನ್ನು ಅಡುಗೆಯವರಿಗೂ ವೈರ್‌ಲೆಸ್ಸಿನವರಿಗೂ ಓದಿ ಹೇಳಿದೆ. ಅಡುಗೆಯವರು ಕಣ್ಣೊರೆಸಿಕೊಂಡರು. ಅವರು ಈರುಳ್ಳಿ ಹೆಚ್ಚುತ್ತಿದ್ದದ್ದು ನಿಜ, ಆದರೂ ಒಂದೆರಡು ಹನಿ ನಿನ್ನ ಲೆಕ್ಕಕ್ಕೂ ಸೇರಿವೆ.

ದೋಣಿಯವನು ಕೂಗುತ್ತಿದ್ದಾನೆ. ಮುಂದಿನ ದೋಣಿಗೆ ಅವಳ ಫೋಟೋ ಬರದಿದ್ದರೆ ನಿಮ್ಮೂರಿಗೆ ಒಂದು ವಾರ ಬಿರುಗಾಳಿ ಎಂದು ಬರೆದುಬಿಡುತ್ತೇನೆ.

ಅಕ್ಕ


ಜನವರಿ 24

ಅಕ್ಕಾ,

ನಿನ್ನ ಕಾಗದವನ್ನು ಲಿಫ್ಟಿನ ಕೆಳಗಿನ ಗುಂಡಿಯೊಳಗೆ ಕೂತು ಓದಿದೆ. ನಾನು ನಕ್ಕ ಸದ್ದಿಗೆ ಮೇಲಿನಿಂದ ಯಜಮಾನರು ಬಗ್ಗಿ, “ಏನಾಯ್ತೋ? ಕರೆಂಟ್ ಹೊಡೀತಾ?” ಎಂದು ಕೂಗಿದರು. ಆರು ತಿಂಗಳಲ್ಲಿ ನಾನು ಹಾಗೆ ನಕ್ಕದ್ದು ಅದೇ ಮೊದಲು.

ಅವರಿಗೆ ಐವತ್ತೆಂಟು ವರ್ಷ. ಎತ್ತರ ಎಷ್ಟೋ ಗೊತ್ತಿಲ್ಲ, ನಾನು ನೋಡಿರುವುದು ಭುಜದವರೆಗೆ ಮಾತ್ರ. ಕನ್ನಡಕಕ್ಕೆ ಸರಪಳಿ ಕಟ್ಟಿಕೊಂಡಿದ್ದಾರೆ. ಒಂದು ಬೂದು ಬೆಕ್ಕಿದೆ, ಮಾತು ಗಂಭೀರವಾದಾಗಲೆಲ್ಲ ಸರಿಯಾಗಿ ಪರದೆಯ ಮುಂದೆ ಬಾಲ ಎತ್ತಿಕೊಂಡು ಹಾಯುತ್ತದೆ. ಅವರು ಮನಸ್ಸಿನ ಡಾಕ್ಟರು. ಅಡುಗೆಯವರ ಬಳಿ ಕ್ಷಮೆ ಕೇಳಿದೆನೆಂದು ಹೇಳು.

ಅಕ್ಟೋಬರಿನಲ್ಲಿ ಒಂದು ದಿನ ಲಿಫ್ಟಿನ ಗುಂಡಿಯಲ್ಲಿ ಕೆಲಸ ಮಾಡುತ್ತಿದ್ದಾಗ ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡಿತು. ಬೆವರು, ಕೈಕಾಲು ಜೋಮು, ಇನ್ನೇನು ಸತ್ತೇಹೋದೆ ಎನ್ನಿಸಿತು. ಆಸ್ಪತ್ರೆಯಲ್ಲಿ ಹೃದಯ ಸರಿಯಿದೆ ಎಂದರು. ನನಗೆ ನಾಚಿಕೆಯಾಯಿತು, ಏನಾದರೂ ಕೆಟ್ಟಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು ಅನ್ನುವಂತೆ. ಆಮೇಲೆ ಅದು ವಾರಕ್ಕೆರಡು ಸಲ ಬರತೊಡಗಿತು. ಬೆಳಿಗ್ಗೆ ಏಳುವುದೇ ಬೇಡ. ಹಲ್ಲುಜ್ಜುವ ಬ್ರಷ್ಷು ಕಬ್ಬಿಣದ ಸಲಾಕೆಯಷ್ಟು ಭಾರ. ಒಂದು ಆಸ್ಪತ್ರೆಯ ಲಿಫ್ಟು ರಿಪೇರಿ ಮಾಡುವಾಗ ಅದರ ಗೋಡೆಗೇ ಅಂಟಿಸಿದ್ದ ಚೀಟಿ ನೋಡಿದೆ: ‘ಮನಸ್ಸು ಭಾರವಾಗಿದೆಯೇ? ಮನೆಯಿಂದಲೇ ಮಾತಾಡಿ.’ ಈ ಊರಿನಲ್ಲಿ ಮನಸ್ಸಿನ ಡಾಕ್ಟರ ಬಾಗಿಲಿಗೆ ಹೋದರೆ ನಾಳೆ ಎಲ್ಲರ ಬಾಯಲ್ಲೂ ನಾನೇ. ಫೋನಿನಲ್ಲಾದರೆ ಬಾಗಿಲೇ ಇಲ್ಲವಲ್ಲ.

“ಗಾಬರಿ ಒಂದು, ಖಿನ್ನತೆ ಒಂದು, ಎರಡೂ ಜೊತೇಲಿ ಬಂದಿವೆ. ಎರಡಕ್ಕೂ ದಾರಿ ಇದೆ,” ಎಂದರು ಡಾಕ್ಟರಮ್ಮ. ಮಾತ್ರೆ ಕೊಟ್ಟಿದ್ದಾರೆ. ಉಸಿರಾಡುವುದನ್ನು ಹೊಸದಾಗಿ ಕಲಿಸುತ್ತಿದ್ದಾರೆ. ಮೂವತ್ತೆಂಟು ವರ್ಷ ತಪ್ಪಾಗಿಯೇ ಉಸಿರಾಡಿದ್ದೆನೋ ಏನೋ. ಸಿಗರೇಟು, ಕುಡಿತ ಏನಾದರೂ ಇದೆಯಾ ಎಂದೂ ಕೇಳಿದರು. ಅಪರೂಪಕ್ಕೆ ಎಂದೆ.

ನೀನು ಹೆದರಿಕೊಳ್ಳಬೇಡ. ನಮ್ಮ ಮನೆಯಲ್ಲಿ ಧೈರ್ಯವೆಲ್ಲ ನಿನ್ನ ಪಾಲಿಗೆ ಹೋಯಿತು, ಮಿಕ್ಕದ್ದು ನನಗೆ ಬಂತು, ಅಷ್ಟೇ.

ಬುಗುರಿ


ಜನವರಿ 28

ಪ್ರೀತಿಯ ಬುಗುರಿ,

ಅಡುಗೆಯವರು ಮದುವೆ ಮುರಿದುಬಿತ್ತೆಂದು ಎರಡು ಹೊತ್ತು ಸಾರಿಗೆ ಉಪ್ಪು ಹಾಕಲಿಲ್ಲ. ನಾನೂ ಪೆದ್ದಿ. ತಮ್ಮನಿಗೆ ಜ್ವರ ಬಂದರೆ ಕೆನ್ನೆ ಕೆಂಪಾಯಿತೆಂದು ಕುಣಿದ ಹಾಗಾಯಿತು. ಡಾಕ್ಟರ ಬಳಿ ಹೋದೆಯಲ್ಲ, ಅದಕ್ಕೆ ನಿನ್ನ ಬೆನ್ನು ತಟ್ಟುತ್ತೇನೆ. ಇಲ್ಲಿಂದ ಕೈ ಎಟುಕುವುದಿಲ್ಲ, ಯಜಮಾನರ ಕೈಯಲ್ಲಿ ತಟ್ಟಿಸಿಕೋ.

ಆದರೆ ‘ಅಪರೂಪಕ್ಕೆ’ ಎಂಬ ಆ ಮಾತು ನನಗೆ ಚುಚ್ಚುತ್ತಿದೆ.

ನಾನು ಇಲ್ಲಿಗೆ ಹೊರಟ ದಿನ ಬಂದರಿನಲ್ಲಿ ನೀನು ಬೆಳಿಗ್ಗೆ ಒಂಬತ್ತಕ್ಕೆ ನಾಲ್ಕು ಪೆಪ್ಪರಮಿಂಟು ಒಟ್ಟಿಗೆ ಬಾಯಿಗೆ ಹಾಕಿಕೊಂಡಿದ್ದೆ. ಅದಕ್ಕೂ ಹಿಂದಿನ ದಿನ ಸ್ಕ್ರೂಡ್ರೈವರ್ ಬೇಕೆಂದು ನಿನ್ನ ಉಪಕರಣದ ಪೆಟ್ಟಿಗೆ ತೆರೆದೆ. ಸ್ಪ್ಯಾನರುಗಳ ಕೆಳಗೆ ಬಟ್ಟೆ ಸುತ್ತಿದ ಬಾಟಲಿ ಇತ್ತು. ಮುಚ್ಚಿಟ್ಟುಬಿಟ್ಟೆ. ಸ್ಕ್ರೂಡ್ರೈವರ್ ಸಿಗಲಿಲ್ಲ ಎಂದು ನಿನಗೆ ಹೇಳಿದೆ. ಕೇಳಿದರೆ ನೀನು ನೊಂದುಕೊಳ್ಳುತ್ತೀಯ ಎಂದು ಸುಮ್ಮನಾದೆ. ಕೇಳಿದರೆ ನಾನು ಹೊರಡಲಾರೆ ಎಂದೂ ಇದ್ದಿರಬಹುದು. ಅದು ನನ್ನ ತಪ್ಪು.

ಅರ್ಧ ದಿನದ ಮಳೆ ಅಳೆದು ಇಡೀ ದಿನದ್ದು ಎಂದು ಬರೆದರೆ ಮುಂದಿನ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಅವರು ಕೊಡುವ ಮಾತ್ರೆಯ ಜತೆ ಅದು ಸೇರಿದರೆ ಏನಾಗುತ್ತದೋ ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಅವರಿಗೆ ಗೊತ್ತು. ಹೇಳು.

ಕೋಪ ಬಂದರೆ ಬೈದು ಬರೆ. ಬರೆಯುವುದನ್ನು ಮಾತ್ರ ಬಿಡಬೇಡ.

ಅಕ್ಕ


ಫೆಬ್ರವರಿ 11

ಬುಗುರಿ,

ದೋಣಿ ಬಂತು. ಅಕ್ಕಿ ಬಂತು, ಸೀಮೆಎಣ್ಣೆ ಬಂತು, ವೈರ್‌ಲೆಸ್ಸಿನವರಿಗೆ ಅವರ ಅತ್ತೆಯ ಕಾಗದವೂ ಬಂತು, ಅವರಿಗೆ ಅದು ಬೇಕಿರಲಿಲ್ಲ. ನಿನ್ನದು ಬರಲಿಲ್ಲ. ಕೆಲಸ ಜಾಸ್ತಿ ಇರಬೇಕು ಅಂದುಕೊಂಡೆ.

ಅಕ್ಕ


ಮಾರ್ಚ್ 11

ಬುಗುರಿ,

ಇದು ಮೂರನೇ ದೋಣಿ. ನಾನು ಆ ಕಾಗದ ಬರೆಯಬಾರದಿತ್ತೇನೋ. ಬರೆದದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ, ಬರೆದ ರೀತಿ ಒರಟಾಗಿದ್ದರೆ ಅಷ್ಟನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಒಂದು ಹಾಳೆಯಲ್ಲಿ ‘ಇದ್ದೇನೆ’ ಎಂದಷ್ಟೇ ಬರೆದು ಕಳಿಸು. ಸಾಕು.

ಅಕ್ಕ


ಮಾರ್ಚ್ 20

ಅಕ್ಕಾ,

ಇದ್ದೇನೆ. ಚೆನ್ನಾಗಿಯೇ ಇದ್ದೇನೆ. ಕೈ ನಡುಗದೆ ಬರೆಯುವಂತಾದ ಮೇಲೆ ಬರೆಯೋಣ ಎಂದು ಕಾದೆ. ಅಕ್ಷರ ನೋಡು, ಹೇಗೆ ಸಾಲಾಗಿ ನಿಂತಿವೆ!

ನಿನ್ನ ಕಾಗದ ಓದಿ ನಿಜಕ್ಕೂ ಸಿಟ್ಟು ಬಂದಿತ್ತು. ದ್ವೀಪದಲ್ಲಿ ಆರಾಮವಾಗಿ ಕೂತವಳಿಗೆ ಬುದ್ಧಿ ಹೇಳುವುದು ಸುಲಭ ಎಂದುಕೊಂಡೆ. ಅದೇ ವಾರ ಎಂಟು ಮಹಡಿಯ ಒಂದು ಕಟ್ಟಡದಲ್ಲಿ ಲಿಫ್ಟಿನ ಬ್ರೇಕು ಪರೀಕ್ಷೆ ಮಾಡಬೇಕಿತ್ತು. ಕೈ ನಡುಗುತ್ತಿತ್ತು. ಪೆಟ್ಟಿಗೆಯಲ್ಲಿದ್ದುದನ್ನು ಕುಡಿದೆ. ನಡುಕ ನಿಂತಿತು, ಅದರ ಜತೆ ಬುದ್ಧಿಯೂ ನಿಂತಿತು. ಬ್ರೇಕು ಮುಟ್ಟಿಯೂ ನೋಡದೆ ತಪಾಸಣೆ ಪುಸ್ತಕದಲ್ಲಿ ‘ಸರಿಯಿದೆ’ ಎಂದು ಬರೆದು ಸಹಿ ಹಾಕಿದೆ.

ಮಧ್ಯಾಹ್ನ ಲಿಫ್ಟು ಮೂರು ಮತ್ತು ನಾಲ್ಕನೇ ಮಹಡಿಯ ಮಧ್ಯೆ ಜಾರಿ ನಿಂತಿತು. ಬ್ರೇಕು ಕೈಕೊಟ್ಟರೂ ಹಿಡಿದುಕೊಳ್ಳುವ ಇನ್ನೊಂದು ಹಲ್ಲು ಇರುತ್ತದೆ, ಅದು ಹಿಡಿದುಕೊಂಡಿತು. ಒಳಗೆ ಒಬ್ಬರೇ, ನಿವೃತ್ತ ಗಣಿತದ ಟೀಚರು, ತರಕಾರಿ ಚೀಲದ ಸಮೇತ. ಒಂದು ಗಂಟೆ ಹತ್ತು ನಿಮಿಷ. ನಾನೇ ಹೋಗಿ ಬಾಗಿಲು ಬಿಡಿಸಿದೆ. ಒಂದು ಕೂದಲೂ ಕೊಂಕಿರಲಿಲ್ಲ. ಹೊರಗೆ ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಪುಸ್ತಕದಲ್ಲಿರೋ ಸಹಿ ನಿಮ್ಮದಾ?”

“ಹೌದು ಮೇಡಂ.”

“ನೋಡಿ ಹಾಕಿದ್ದಾ, ನೋಡ್ದೇ ಹಾಕಿದ್ದಾ?”

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅವರ ಚೀಲದಿಂದ ಒಂದು ಟೊಮ್ಯಾಟೊ ಉರುಳಿ ನನ್ನ ಬೂಟಿಗೆ ತಾಗಿತು. ಯಾಕೋ ಅದನ್ನು ಎತ್ತಿಕೊಡುವಾಗ ಅಳು ಬಂತು.

“ನೋಡ್ದೇ ಹಾಕಿದೆ ಮೇಡಂ. ಕುಡಿದಿದ್ದೆ.”

ಅವರು ಕೂಗಾಡಲಿಲ್ಲ. “ಮೊದಲು ಮುಖ ತೊಳ್ಕೊಳ್ಳಿ. ಆಮೇಲೆ ಇದನ್ನ ಯಾರ ಹತ್ರ ಹೇಳ್ಬೇಕೋ ಅವರ ಹತ್ರ ಹೋಗಿ ಹೇಳಿ. ನನ್ನ ಹತ್ರ ಹೇಳಿ ಏನು ಪ್ರಯೋಜನ?” ಎಂದು ಉಳಿದ ನಾಲ್ಕು ಮಹಡಿ ಮೆಟ್ಟಿಲು ಹತ್ತಿಕೊಂಡು ಹೋದರು.

ಸಂಜೆ ಯಜಮಾನರಿಗೆ ಹೇಳಿದೆ. ಅವರು ಬೈಯಲಿಲ್ಲ, ಅದೇ ಭಯಂಕರ. ಮಂಗಳವಾರ ಡಾಕ್ಟರಮ್ಮನಿಗೂ ಹೇಳಿದೆ. ಅಮ್ಮ ಹೋದಾಗಿನಿಂದ, ನಾಲ್ಕು ವರ್ಷದಿಂದ, ಎಷ್ಟು, ಯಾವಾಗ, ಎಲ್ಲಾ. ಬೆಕ್ಕು ಕೂಡ ಆ ಹೊತ್ತು ಹಾಯಲಿಲ್ಲ. ಅವರು ಕನ್ನಡಕ ತೆಗೆದು, “ಸರಿ. ಈಗ ನಮ್ಮ ಕೆಲಸ ನಿಜವಾಗ್ಲೂ ಶುರುವಾಯ್ತು. ಗಾಬರಿ ತಡೆಯೋಕೆ ಕುಡೀತೀರಿ, ಅದು ಇಳಿಯೋವಾಗ ಇನ್ನೂ ದೊಡ್ಡ ಗಾಬರಿ ಬಿಟ್ಟುಹೋಗತ್ತೆ, ಅದಕ್ಕೆ ಮತ್ತೆ ಕುಡೀತೀರಿ. ಎರಡನ್ನೂ ಒಟ್ಟಿಗೇ ಹಿಡೀಬೇಕು,” ಎಂದರು.

ಇವತ್ತೇ ಎಲ್ಲ ಚೆಲ್ಲಿಬಿಡುತ್ತೇನೆ ಎಂದೆ. “ಹಾಗೆ ಒಂದೇ ಏಟಿಗೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ,” ಎಂದು ತಡೆದರು. ರಕ್ತಪರೀಕ್ಷೆ ಮಾಡಿಸಿ, ಹಳೆಯ ಮಾತ್ರೆ ಬದಲಿಸಿ, ದಿನದಿನದ ಲೆಕ್ಕ ಬರೆದುಕೊಟ್ಟರು. ಮೊದಲ ವಾರ ಬೆಳಿಗ್ಗೆ ಸಂಜೆ ವಿಡಿಯೋ. ಹೆಚ್ಚುಕಡಿಮೆಯಾದರೆ ನೇರ ಆಸ್ಪತ್ರೆಗೆ. ಮನೆಯಲ್ಲಿ ಜತೆಗೆ ಒಬ್ಬರು ಇರಲೇಬೇಕು.

ಯಾರಿದ್ದಾರೆ ನನಗೆ ಎಂದು ವರ್ಕ್‌ಶಾಪಿನಲ್ಲಿ ಗೊಣಗಿಕೊಂಡೆ. ಮಾರನೇ ದಿನ ಬಾಗಿಲು ತಟ್ಟಿದ ಸದ್ದಾಯಿತು. ಯಜಮಾನರು, ಕಂಕುಳಲ್ಲಿ ದಿಂಬು, ಜೇಬಿನಲ್ಲಿ ಹಲ್ಲುಜ್ಜುವ ಬ್ರಷ್ಷು. “ಆರು ದಿನ ರಜ ಹಾಕಿದೀನಿ. ನಿನ್ನ ಅಡುಗೆ ಚೆನ್ನಾಗಿಲ್ಲ ಅಂದ್ರೆ ಹೊರಟುಹೋಗ್ತೀನಿ,” ಎಂದರು. ಅಡುಗೆ ಅವರೇ ಮಾಡಿದರು, ಚೆನ್ನಾಗಿರಲಿಲ್ಲ. ರಕ್ತದೊತ್ತಡದ ಯಂತ್ರವನ್ನು ತಲೆಕೆಳಗಾಗಿ ಹಿಡಿದು ಓದಿದರು. ಡಾಕ್ಟರಮ್ಮ ಫೋನಿನಿಂದಲೇ, “ಸಾರ್, ತಿರುಗಿಸಿ ಹಿಡೀರಿ, ಆ ಲೆಕ್ಕದಲ್ಲಿ ಮನುಷ್ಯ ಬದುಕಿರೋದಿಲ್ಲ,” ಎಂದು ನಕ್ಕರು. ಮೂರನೇ ದಿನ ಬಹಳ ಕಷ್ಟವಾಯಿತು. ಮೈಯೆಲ್ಲ ಒದ್ದೆ, ಕೈಗಳು ನನ್ನವೇ ಅಲ್ಲ. ಯಜಮಾನರಿಗೆ ಸಮಾಧಾನ ಹೇಳುವುದು ಗೊತ್ತಿಲ್ಲ. ಅದಕ್ಕೆ ಪಕ್ಕದಲ್ಲಿ ಕೂತು ಲಿಫ್ಟಿನ ಕೈಪಿಡಿಯನ್ನು ಮೊದಲ ಪುಟದಿಂದ ಗಟ್ಟಿಯಾಗಿ ಓದಿದರು. ಅರವತ್ತನೇ ಪುಟದ ಹೊತ್ತಿಗೆ ನಾನು ನಿದ್ದೆಹೋದೆ.

ಈಗ ಇಪ್ಪತ್ತೆಂಟು ದಿನವಾಯಿತು. ಮೂರು ತಿಂಗಳು ನಾನು ಲಿಫ್ಟಿನ ಹತ್ತಿರ ಹೋಗುವಂತಿಲ್ಲ. ವರ್ಕ್‌ಶಾಪಿನಲ್ಲಿ ಕೂತು ರೋಲರುಗಳಿಗೆ ಗ್ರೀಸು ಹಚ್ಚುತ್ತೇನೆ. ನ್ಯಾಯವೇ.

ನಿನ್ನ ಆ ಕಾಗದ ಒರಟಾಗಿರಲಿಲ್ಲ. ಅದನ್ನು ವಾಪಸು ಕೊಡುವುದಿಲ್ಲ.

ಬುಗುರಿ


ಮಾರ್ಚ್ 25

ನನ್ನ ಬುಗುರಿ,

ದೋಣಿಕಟ್ಟೆಯ ಮೇಲೇ ಕೂತು ನಿನ್ನ ಕಾಗದ ಓದಿದೆ. ಮಧ್ಯಾಹ್ನದ ಗಾಳಿಯ ವೇಗ ಅಳೆಯುವುದು ನಾಲ್ಕು ನಿಮಿಷ ತಡವಾಯಿತು. ಏಳು ವರ್ಷದ ನೌಕರಿಯಲ್ಲಿ ಇದೇ ಮೊದಲು, ಕಾರಣದ ಕಾಲಮಿನಲ್ಲಿ ‘ಸ್ವಂತ ಸಂತೋಷ’ ಎಂದು ಬರೆದಿದ್ದೇನೆ.

ಯಜಮಾನರಿಗೆ ನನ್ನ ನಮಸ್ಕಾರ. ಗಣಿತದ ಟೀಚರಿಗೆ ಸಾಷ್ಟಾಂಗ ನಮಸ್ಕಾರ. ನನಗೆ ರಜ ಮಂಜೂರಾಗಿದೆ, ಮೂರು ವಾರ. ಏಪ್ರಿಲ್ 22ರ ದೋಣಿಗೆ ಹೊರಟು ಬರುತ್ತೇನೆ. ಕಿಟಕಿ ಪಕ್ಕದ ಮಂಚ ನನಗೆ. ಕಿಟಕಿ ಒರೆಸಿಡು.

ಅಕ್ಕ


ಏಪ್ರಿಲ್ 22

ಪ್ರೀತಿಯ ಬುಗುರಿ,

ಬರಲಾಗಲಿಲ್ಲ. ಸಮುದ್ರ ವಿಪರೀತ ಎದ್ದಿದೆ. ಅಲೆ ಆಳೆತ್ತರ. ಸಾಮಾನು, ಟಪಾಲು ಮಾತ್ರ ಒಯ್ಯುತ್ತೇನೆ, ಜನರನ್ನು ಹತ್ತಿಸುವುದಿಲ್ಲ ಎಂದ ದೋಣಿಯವನು. ಬೇಸರ ಮಾಡಿಕೊಳ್ಳಬೇಡ. ಮೇ 20ಕ್ಕೆ ಖಂಡಿತ.

ಅಕ್ಕ


ಮೇ 2

ಅಕ್ಕಾ,

ಪರವಾಗಿಲ್ಲ. ಸಮುದ್ರದ ಜತೆ ಜಗಳವಾಡಲಾಗುತ್ತದೆಯೇ? ಕಿಟಕಿ ಒರೆಸಿದ್ದೆ, ಇನ್ನೊಂದು ಸಲ ಒರೆಸುತ್ತೇನೆ.

ಈಗ ಗುರುವಾರ ಗುರುವಾರ ಒಂದು ಗುಂಪಿಗೂ ಸೇರಿದ್ದೇನೆ. ಕುಡಿತ ಬಿಡುತ್ತಿರುವ ಏಳು ಜನ ಫೋನಿನ ಪರದೆಯಲ್ಲಿ ಏಳು ಚೌಕದೊಳಗೆ ಕೂರುತ್ತೇವೆ. ಒಬ್ಬರು ಶಾಲೆ ಬಸ್ಸಿನ ಡ್ರೈವರು, ಒಬ್ಬರು ಹಲ್ಲಿನ ಡಾಕ್ಟರು. ಇನ್ನೊಬ್ಬರು ಕ್ಯಾಮೆರಾವನ್ನು ಸೂರಿನ ಕಡೆ ತಿರುಗಿಸಿಟ್ಟಿರುತ್ತಾರೆ. ನಮಗೆ ಕಾಣುವುದು ತಿರುಗುವ ಫ್ಯಾನು, ಕೇಳುವುದು ಅವರ ದನಿ. ಅವರನ್ನು ಫ್ಯಾನ್ ಸಾಹೇಬರು ಎನ್ನುತ್ತೇವೆ. ಎಲ್ಲರಿಗಿಂತ ನಿಜ ಮಾತಾಡುವವರೂ ಅವರೇ. ಮೊನ್ನೆ ಕರೆಂಟು ಹೋಗಿ ಫ್ಯಾನು ನಿಂತಾಗ ಉಳಿದ ಆರೂ ಜನ, “ಸಾಹೇಬ್ರೇ, ಏನಾಯ್ತು?” ಎಂದು ಕಿರುಚಿದೆವು. “ಏನೂ ಆಗಿಲ್ಲ, ಸೆಕೆ,” ಎಂದರು.

ಬ್ರಷ್ಷು ಈಗ ಬ್ರಷ್ಷಿನಷ್ಟೇ ಭಾರವಿದೆ.

ಬುಗುರಿ


ಮೇ 20

ಬುಗುರಿ,

ಈ ಸಲವೂ ಆಗಲಿಲ್ಲ. ಮತ್ತೆ ಅದೇ ಅಲೆ, ಅದೇ ಗಾಳಿ. ನನ್ನ ರಜ ಮುಂದಕ್ಕೆ ಹಾಕಿಸಿದ್ದೇನೆ. ಮಂಚಕ್ಕೆ ಹೊಸ ಹಾಸಿಗೆ ಏನೂ ತರಬೇಡ.

ಅಕ್ಕ


ಮೇ 29

ಅಕ್ಕಾ,

ಹೊಸ ಹಾಸಿಗೆ ತಂದಾಗಿತ್ತು.

ಎಲ್ಲವನ್ನೂ ಹೇಳುವುದು ಎಂದು ಒಪ್ಪಿಕೊಂಡ ಮೇಲೆ ಇದನ್ನೂ ಹೇಳಬೇಕು. ನಿನ್ನ ಕಾಗದ ಬಂದ ಸಂಜೆ ನಾನು ಕುಡಿದೆ. ಕುಡುಕ ತಮ್ಮನ ಮನೆಗೆ ಬರಲು ಇವಳಿಗೆ ಮನಸ್ಸಿಲ್ಲ, ಅದಕ್ಕೆ ಸಮುದ್ರದ ನೆಪ ಹೇಳುತ್ತಾಳೆ ಎಂದುಕೊಂಡೆ. ಅರ್ಧ ಬಾಟಲಿಗೆ ನಿಲ್ಲಿಸಿ, ಉಳಿದದ್ದನ್ನು ಸಿಂಕಿಗೆ ಸುರಿದು, ಅಲ್ಲೇ ನಿಂತು ಡಾಕ್ಟರಮ್ಮನಿಗೆ ಸಂದೇಶ ಕಳಿಸಿದೆ. “ಜಾರಿದ್ದು ಒಂದು ದಿನ. ಅದಕ್ಕೆ ಮೊದಲು ತೊಂಬತ್ತೈದು ದಿನ ನಡೆದಿದೀರಿ, ಅದು ಎಲ್ಲೂ ಹೋಗಿಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ಫೋನ್ ಮುಂದೆ ಕೂತಿರಿ,” ಎಂದರು. ಗುಂಪಿನಲ್ಲಿ ಹೇಳಿದಾಗ ಫ್ಯಾನ್ ಸಾಹೇಬರು, “ನಾನು ಆರು ಸಲ ಜಾರಿದೀನಿ, ಈಗ ಏಳನೇ ಸಲ ನಿಂತಿದೀನಿ. ನೀವಿನ್ನೂ ಹೊಸಬರು, ಬನ್ನಿ ಬನ್ನಿ,” ಎಂದರು. ನಗದೆ ಇರಲಾಗಲಿಲ್ಲ. ಅಂದಿನಿಂದ ಮತ್ತೆ ಮುಟ್ಟಿಲ್ಲ.

ಇನ್ನು ನಿನ್ನ ವಿಷಯ. ಸಿಟ್ಟಿನಲ್ಲಿದ್ದಾಗ ಹವಾಮಾನ ಇಲಾಖೆಯ ದಿನದ ವರದಿಯನ್ನು ಫೋನಿನಲ್ಲಿ ತೆಗೆದು ನೋಡಿದೆ. ಏಪ್ರಿಲ್ 22, ನಿನ್ನ ದ್ವೀಪ: ಗಾಳಿ ಮಂದ, ಅಲೆ ಅರ್ಧ ಮೀಟರು, ಸಮುದ್ರ ಶಾಂತ. ಮೇ 20: ಸಮುದ್ರ ಶಾಂತ. ಎರಡೂ ವರದಿ ನಿನ್ನ ಕೈಯಿಂದಲೇ ಬಂದವು. ನಾಲ್ಕು ನಿಮಿಷ ತಡವಾದದ್ದನ್ನೂ ಬರೆದಿಡುವವಳು ಇಲಾಖೆಗೆ ಸುಳ್ಳು ಹೇಳುವುದಿಲ್ಲ. ಹಾಗಾದರೆ ಸುಳ್ಳು ಹೇಳಿದ್ದು ನನಗೆ.

ಮೊದಲು ನೋವಾಯಿತು. ಆಮೇಲೆ ನಿನ್ನ ಹಳೆಯ ಕಾಗದಗಳನ್ನೆಲ್ಲ ತೆಗೆದು ಓದಿದೆ. ಎರಡು ವರ್ಷದಲ್ಲಿ ಐದು ಸಲ ಬರುತ್ತೇನೆ ಎಂದಿದ್ದೀಯ, ಐದು ಸಲವೂ ಕಾರಣ ಬೇರೆ. ಕುಡಿಯುತ್ತಿದ್ದಾಗ ನಾನೂ ಹೀಗೆಯೇ ಬೇರೆಬೇರೆ ಕಾರಣ ಹೇಳುತ್ತಿದ್ದೆ. ಅಕ್ಕಾ, ದೋಣಿ ಹತ್ತಲು ಹೋದಾಗ ಏನಾಗುತ್ತದೆ? ಉಸಿರು ಸಿಕ್ಕಿಕೊಳ್ಳುತ್ತದೆಯೇ?

ನಾನು ರೇಗುವುದಿಲ್ಲ. ಅದು ನಿನ್ನ ಕೆಲಸ.

ಬುಗುರಿ


ಜೂನ್ 3

ಬುಗುರಿ,

ಹೌದು.

ಇಷ್ಟು ಬರೆಯಲು ಅರ್ಧ ಗಂಟೆ ಹಿಡಿಯಿತು. ದೋಣಿಯವನಿಗೆ ಕಾಯಲು ಹೇಳಿದ್ದೇನೆ.

ಇಲ್ಲಿಗೆ ಬರುವಾಗ ಮಧ್ಯದಲ್ಲಿ ಎಂಜಿನ್ ನಿಂತು ಒಂದು ಗಂಟೆ ತೇಲಿದ್ದೆವು. ಏನೂ ಆಗಲಿಲ್ಲ. ಆದರೆ ಅಂದಿನಿಂದ ಹಗ್ಗ ಬಿಚ್ಚುವುದನ್ನು ನೋಡಿದರೆ ಕಿವಿಯಲ್ಲಿ ಗುಂಯ್ ಅನ್ನುತ್ತದೆ. ಚೀಲ ಹಿಡಿದು ದೋಣಿಕಟ್ಟೆಯವರೆಗೆ ಐದು ಸಲ ಹೋಗಿದ್ದೇನೆ. ಐದು ಸಲವೂ ದೋಣಿಯವನ ಕೈಗೆ ಕಾಗದ ಕೊಟ್ಟು ವಾಪಸು ಬಂದಿದ್ದೇನೆ. ಪಾಪ, ಅವನು ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ. ಆಮೇಲಾಮೇಲೆ ಊರು, ಬಸ್ಸು, ಜನ, ಎಲ್ಲವೂ ಭಯವಾಗತೊಡಗಿತು. ಇಲ್ಲಿ ಕೆಲಸ ಬಲು ಸೊಗಸು ಎಂದು ಬರೆದೆ. ಧೈರ್ಯವೆಲ್ಲ ನಿನ್ನ ಪಾಲಿಗೆ ಹೋಯಿತು ಎಂದು ನೀನು ಬರೆದಾಗ ಇಲ್ಲ ಎನ್ನಲು ನಾಚಿಕೆಯಾಯಿತು. ಅಕ್ಕನಾದವಳು ಹೆದರಬಾರದು ಎಂದುಕೊಂಡಿದ್ದೆ.

ನಿನ್ನ ಮನೆಗೆ ಬರಲು ನನಗೆ ಮನಸ್ಸಿಲ್ಲದೆ ಅಲ್ಲ. ನನ್ನ ಸುಳ್ಳಿನಿಂದ ನೀನು ಜಾರಿದೆ. ಅದಕ್ಕೇನು ಮಾಡಲಿ ಹೇಳು.

ಅಕ್ಕ


ಜೂನ್ 12

ಅಕ್ಕಾ,

ಬಾಟಲಿ ಎತ್ತಿದ್ದು ನನ್ನ ಕೈ. ಅದನ್ನು ನಿನ್ನ ತಲೆಗೆ ಕಟ್ಟಿಕೊಳ್ಳಬೇಡ, ಡಾಕ್ಟರಮ್ಮ ನನಗೆ ಬೈಯುತ್ತಾರೆ.

ನಿನ್ನ ವಿಷಯ ಅವರ ಬಳಿ ಕೇಳಿದೆ. ನೋಡದವರಿಗೆ ಚಿಕಿತ್ಸೆ ಕೊಡಲಾಗುವುದಿಲ್ಲ ಎಂದರು. ಅವರೇ ಬಂದು ಪರದೆ ಮುಂದೆ ಕೂರಲಿ, ಅಲ್ಲಿಯವರೆಗೆ ಯಾರಿಗಾದರೂ ಹೇಳಬಹುದಾದ ಒಂದು ಮಾತು ಇದೆ ಎಂದರು. ಭಯವನ್ನು ಒಂದೇ ಸಲ ನುಂಗಲು ಹೋಗಬಾರದು, ತುತ್ತು ಮಾಡಬೇಕು. ಈ ದೋಣಿಗೆ ಕಟ್ಟೆಯವರೆಗೆ ಹೋಗಿ, ಹಗ್ಗ ಕಟ್ಟಿದ ದೋಣಿಯಲ್ಲಿ ಸುಮ್ಮನೆ ಕೂತು ಇಳಿದು ಬಾ. ಎಲ್ಲಿಗೂ ಹೋಗಬೇಡ. ಎದೆ ಡವಡವ ಅಂದರೆ ಅನ್ನಲಿ, ಏರಿದ್ದು ಇಳಿಯುವವರೆಗೆ ಕೂತಿರು. ಇಳಿಯುತ್ತದೆ. ನಾನು ನೋಡಿದ್ದೇನೆ. ಉಸಿರನ್ನು ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ.

ನೀನು ಗಾಳಿ ಅಳೆಯುವವಳು. ನಿನ್ನ ಗಾಳಿಯನ್ನೂ ಅಳೆದು ಬರೆದು ಕಳಿಸು.

ನನಗೆ ಸೋಮವಾರದಿಂದ ಮತ್ತೆ ಲಿಫ್ಟು. ಯಜಮಾನರು ಪ್ರತಿದಿನ ಬೆಳಿಗ್ಗೆ ಕುಡಿತ ಪತ್ತೆ ಮಾಡುವ ಊದುವ ಯಂತ್ರ ನನ್ನ ಬಾಯಿಗೆ ಹಿಡಿಯುತ್ತಾರೆ. ಸೊನ್ನೆ ಬಂದರೆ ಲಾಟರಿ ಹೊಡೆದವರಂತೆ ಕುಣಿಯುತ್ತಾರೆ.

ಬುಗುರಿ


ಜುಲೈ 1

ಪ್ರೀತಿಯ ಬುಗುರಿ,

ಜೂನ್ 17ರಂದು ಕಟ್ಟಿದ ದೋಣಿಯಲ್ಲಿ ಹನ್ನೊಂದು ನಿಮಿಷ ಕೂತೆ. ಮೊದಲ ಆರು ನಿಮಿಷ ಕೆಟ್ಟದಾಗಿತ್ತು. ಏಳನೆಯ ನಿಮಿಷಕ್ಕೆ ಇಳಿಯತೊಡಗಿತು. ಅಡುಗೆಯವರು ಎದುರಿಗೆ ಕೂತು ಆಲೂಗಡ್ಡೆ ಸುಲಿದರು. ಅವರಿಗೆ ಎಲ್ಲ ಹೇಳಿದ್ದೇನೆ. ವೈರ್‌ಲೆಸ್ಸಿನವರಿಗೂ ಹೇಳಿದೆ. ಅವರು, “ನಂಗೆ ಜಿರಲೆ ಕಂಡ್ರೆ ಹಾಗೇ ಆಗತ್ತೆ ಮೇಡಂ,” ಎಂದು ಗುಟ್ಟಾಗಿ ಹೇಳಿದರು.

ಇವತ್ತು ದೋಣಿಯವನು ಹಗ್ಗ ಬಿಚ್ಚಿ ದ್ವೀಪದ ಸುತ್ತ ಒಂದು ಸುತ್ತು ಹಾಕಿಸಿದ. ನಾನು ಕಿರುಚಿದೆ. ಕಿರುಚುತ್ತಲೇ ಒಂದು ಸುತ್ತು ಪೂರ್ತಿಯಾಯಿತು. ಇಳಿದ ಮೇಲೆ, “ಇನ್ನೊಂದು ಸುತ್ತು?” ಎಂದು ಅವನು ಕೇಳಿದ. ಪಾಪ, ಅವನು ಕಿವಿಗೆ ಹತ್ತಿ ತುರುಕಿಕೊಂಡಿದ್ದ. ಹೂಂ ಎಂದೆ.

ಆಗಸ್ಟ್ 12. ಬರುತ್ತೇನೆ ಎಂದು ಬರೆಯುವುದಿಲ್ಲ. ಬಂದರೆ ನೋಡು.

ಅಕ್ಕ


ಆಗಸ್ಟ್ 18, ಮಂಗಳವಾರ

ಬುಗುರಿ,

ನಿನ್ನ ಅಡುಗೆಮನೆಯ ಮೇಜಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇವತ್ತು ನೀನು ಕೆಲಸದಿಂದ ಬರುವುದು ಏಳಕ್ಕೆ, ಅಲ್ಲಿಯವರೆಗೆ ಹೊಟ್ಟೆಯಲ್ಲಿಟ್ಟುಕೊಂಡಿರಲಾರೆ. ಈ ಆರು ದಿನದಲ್ಲಿ ನಾವು ಮಾತಾಡಿದ್ದಕ್ಕಿಂತ ನಕ್ಕದ್ದೇ ಜಾಸ್ತಿ, ಹೇಳಬೇಕಾದದ್ದು ಎಷ್ಟೋ ಉಳಿದುಹೋಗಿದೆ. ನಮಗಿಬ್ಬರಿಗೂ ಕಾಗದವೇ ಸರಿಯೇನೋ.

ನಿನ್ನ ಐದು ಗಂಟೆಯನ್ನು ಈ ವಾರ ನನಗೆ ಬಿಟ್ಟುಕೊಟ್ಟು, ಫೋನು ಮೇಜಿನ ಮೇಲಿಟ್ಟು, ಏನೂ ಹೇಳದೆ ಹೋದೆಯಲ್ಲ, ನಿನ್ನ ಜಾಣತನ ನನಗೆ ಗೊತ್ತಾಯಿತು. ನಾಲ್ಕೂ ಐವತ್ತಕ್ಕೆ ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ಐವತ್ತೆಂಟಕ್ಕೆ ಹೊರಗೆ ಬಂದೆ. ಗುಂಡಿ ಒತ್ತಿದೆ, ಆದರೆ ಮುಖ ತೋರಿಸಲಾಗಲಿಲ್ಲ. ಕುರ್ಚಿಯನ್ನು ಪಕ್ಕಕ್ಕೆ ಸರಿಸಿಕೊಂಡು ಕೂತೆ.

“ನಮಸ್ಕಾರ. ನನಗೊಂದು ಮೊಣಕೈ ಮಾತ್ರ ಕಾಣ್ತಿದೆ. ಯಾರದು?” ಎಂದರು ಡಾಕ್ಟರಮ್ಮ.

“ಅಕ್ಕನದು,” ಎಂದೆ.

“ಸರಿ. ಮೊಣಕೈ ಹತ್ರಾನೇ ಮಾತಾಡೋಣ. ಅದಕ್ಕೆ ಹೇಗಿದೆ?”

ನನಗೆ ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು. ಅಳುವಾಗ ಕಣ್ಣೊರೆಸಿಕೊಳ್ಳಲು ಬಗ್ಗಿದೆನಲ್ಲ, ಮುಖವೂ ಅವರಿಗೆ ಕಂಡಿತು. ಮತ್ತೆ ಹಿಂದಕ್ಕೆ ಸರಿಯಲಿಲ್ಲ. ನಲವತ್ತು ನಿಮಿಷ ಮಾತಾಡಿದೆ. ಅಮ್ಮ ಹೋದ ದಿನ ನಾನೊಂದು ಹನಿ ಅಳದೆ ಎಲ್ಲರಿಗೂ ಕಾಫಿ ಮಾಡಿಕೊಟ್ಟೆನಲ್ಲ, ಅದನ್ನೂ ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ. ಅವರು ಬರೆದುಕೊಂಡರು. ಮುಂದಿನ ಮಂಗಳವಾರವೂ ಬನ್ನಿ ಎಂದಿದ್ದಾರೆ, ನಿನಗೆ ಬೇರೆ ಹೊತ್ತು ಕೊಡುತ್ತಾರಂತೆ, ಜಗಳವಾಡಬೇಡ.

ಈಗ ಆರು ಗಂಟೆ. ಒಲೆ ಆರಿಸಿದ್ದೇನೆ. ನಾನು ಮಾರುಕಟ್ಟೆಗೆ ಹೊರಟಿದ್ದೇನೆ, ಒಬ್ಬಳೇ. ಹೊರಗೆ ಬಸ್ಸುಗಳ ಸದ್ದು ಜೋರಾಗಿದೆ, ಅಂಗೈ ಬೆವರಿದೆ, ಅದಕ್ಕೇ ಈ ಸಾಲಿನ ಶಾಯಿ ಸ್ವಲ್ಪ ಹರಡಿದೆ. ನೀನು ಬಂದಾಗ ನಾನಿಲ್ಲದಿದ್ದರೆ ಹುಡುಕಿಕೊಂಡು ಬರಬೇಡ. ಮೂಲೆಯ ಹಣ್ಣಿನ ಅಂಗಡಿಯ ಹತ್ತಿರ ನಿಂತು ಉಸಿರು ಎಣಿಸುತ್ತಿರುತ್ತೇನೆ, ಮುಗಿದ ಮೇಲೆ ಹಣ್ಣು ಆರಿಸಿಕೊಂಡು ಬರುತ್ತೇನೆ. ನೀರು ಕಾಯಲು ಇಡು, ಬಂದವಳೇ ನಿನ್ನ ಮೇಲೆ ಸ್ವಲ್ಪ ರೇಗುತ್ತೇನೆ, ಆಮೇಲೆ ಟೀ ಕುಡಿಯೋಣ.

ಅಕ್ಕ